ಗೆದ್ದರೆ ಖರ್ಚು ಜಾಸ್ತಿ: ಪರಊರಿನ ಪೂಲ್ ಟೂರ್ನಿಗೆ ಹೊರಡುವ ಮುಂಚೆ ಹಾಕಬೇಕಾದ ಲೆಕ್ಕ

ಚೆನ್ನೈನಲ್ಲಿ ಒಂದು ಭಾನುವಾರ ಸಂಜೆ ಆರೂಕಾಲಿಗೆ ನಾನು ಪೂಲ್ ಟೂರ್ನಿಯ (ಬಿಲಿಯರ್ಡ್ಸ್‌ನ ಹಾಗೆ ಟೇಬಲ್ ಮೇಲೆ ಕೋಲಿನಿಂದ ಬಾಲ್‌ಗಳನ್ನು ಪಾಕೆಟ್‌ಗೆ ಹಾಕುವ ಆಟ) ಕ್ವಾರ್ಟರ್ ಫೈನಲ್ ಗೆದ್ದೆ. ಕೊನೆಯ ರ‍್ಯಾಕ್‌ನಲ್ಲಿ (ಪಂದ್ಯದೊಳಗಿನ ಒಂದು ಆಟ) ಒಂಬತ್ತನೇ ಬಾಲ್ ಮೂಲೆಯ ಪಾಕೆಟ್‌ಗೆ ಬಿತ್ತು, ಎದುರಾಳಿ ಕೈಕುಲುಕಿದ. ಆ ಕ್ಷಣ ನನಗೆ ನೆನಪಾದದ್ದು ಟ್ರೋಫಿಯಲ್ಲ, ಅವತ್ತೇ ರಾತ್ರಿ ಒಂಬತ್ತು ದಾಟಿ ಹೊರಡುವ ಕಾವೇರಿ ಎಕ್ಸ್‌ಪ್ರೆಸ್‌ನ ಟಿಕೆಟ್. ಸೆಮಿಫೈನಲ್ ಎಂಟೂವರೆಗೆ ಎಂದರು. ಲಾಡ್ಜ್ ರೂಮನ್ನು ಬೆಳಗ್ಗೆಯೇ ಖಾಲಿ ಮಾಡಿದ್ದೆ, ಬ್ಯಾಗು ಸ್ಕೋರರ್ ಕುರ್ಚಿಯ ಕೆಳಗಿತ್ತು. ಕೈಯಲ್ಲಿದ್ದದ್ದು ಎಂಟುನೂರು ರೂಪಾಯಿ.

ಮೈಸೂರಿನ ಗೆಳೆಯನಿಗೆ ಫೋನ್ ಮಾಡಿ ಮೂರು ಸಾವಿರ ಹಾಕಿಸಿಕೊಂಡೆ. ರೈಲು ಬಿಟ್ಟೆ. ಸೆಮಿಫೈನಲ್ ಸೋತೆ. ಸೋಮವಾರ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಾಗ ತಪ್ಪು ಎಲ್ಲಾಯಿತೆಂದು ತಿಳಿಯಿತು. ಮೊದಲ ದಿನವೇ ಸೋತು ಬರುವವನ ಬಜೆಟ್ ಹಾಕಿಕೊಂಡು ಹೋಗಿದ್ದೆ. ಆಮೇಲೆ ಗೆದ್ದುಬಿಟ್ಟೆ.

ಬೇರೆ ಪ್ರವಾಸಗಳಲ್ಲಿ ಎಷ್ಟು ದಿನ ಇರುತ್ತೀರೆಂದು ಹೊರಡುವಾಗಲೇ ಗೊತ್ತಿರುತ್ತದೆ. ಟೂರ್ನಿಯಲ್ಲಿ ಹಾಗಲ್ಲ, ಎಷ್ಟು ದಿನ ಎಂಬುದನ್ನು ನಿಮ್ಮ ಆಟ ಮತ್ತು ಡ್ರಾ (ಯಾರು ಯಾರೊಂದಿಗೆ ಯಾವಾಗ ಆಡಬೇಕೆಂಬ ಪಟ್ಟಿ) ಸೇರಿ ನಿರ್ಧರಿಸುತ್ತವೆ. ಹಾಗಾಗಿ ಲೆಕ್ಕ ಶುರುವಾಗಬೇಕಾದ್ದು ಡ್ರಾದಿಂದ, ಟಿಕೆಟ್ ದರದಿಂದಲ್ಲ. ಮುಂದೆ ಬರೆದಿರುವುದು ಕೆಲಸಕ್ಕೆ ರಜೆ ಹಾಕಿ, ಸ್ವಂತ ಜೇಬಿನಿಂದ ದುಡ್ಡು ಹಾಕಿ ಆಡುವವರಿಗಾಗಿ. ರಾಷ್ಟ್ರೀಯ ಟೂರ್ನಿಗಳ ಪಟ್ಟಿಯಲ್ಲಿ ಕೆಲವರ ಹೆಸರಿನ ಜೊತೆ ಪಿಎಸ್‌ಪಿಬಿ ಎಂದಿರುತ್ತದೆ, ಅಂದರೆ ಪೆಟ್ರೋಲಿಯಂ ಕಂಪನಿಗಳ ಕ್ರೀಡಾ ಮಂಡಳಿಯ ಆಟಗಾರರು. ಅವರ ಗಣಿತ ಬೇರೆ, ನಮ್ಮದು ಬೇರೆ.

ಹಂತ 1: ಪೋಸ್ಟರ್ ನೋಡಿ ಹಣ ಕಟ್ಟಬೇಡಿ, ಫೋನ್ ಮಾಡಿ

ಟೂರ್ನಿಯ ಸುದ್ದಿ ನಮಗೆ ಮುಟ್ಟುವುದು ವಾಟ್ಸಾಪ್‌ಗೆ ಬರುವ ಒಂದು ಪೋಸ್ಟರಿನಿಂದ. ಅದರಲ್ಲಿ ಮೊದಲ ಬಹುಮಾನ ದಪ್ಪ ಅಕ್ಷರದಲ್ಲಿರುತ್ತದೆ, ನಿಮಗೆ ಬೇಕಾದ ವಿಷಯ ಇರುವುದೇ ಇಲ್ಲ. ಸಂಘಟಕರ ನಂಬರಿಗೆ ಫೋನ್ ಮಾಡಿ ಇಷ್ಟು ಕೇಳಿ: ಎಷ್ಟು ಎಂಟ್ರಿ ತೆಗೆದುಕೊಳ್ಳುತ್ತೀರಿ? ಎಷ್ಟು ಟೇಬಲ್? ನಾಕೌಟೋ, ಡಬಲ್ ಎಲಿಮಿನೇಷನ್ನೋ, ಮೊದಲು ಗ್ರೂಪ್ ಉಂಟೋ? ರೇಸ್ ಟು ಎಷ್ಟು, ಅಂದರೆ ಮೊದಲು ಎಷ್ಟು ರ‍್ಯಾಕ್ ಗೆದ್ದವನಿಗೆ ಪಂದ್ಯ? ಡ್ರಾ ಯಾವತ್ತು ಹಾಕುತ್ತೀರಿ? ಬಹುಮಾನ ಎಷ್ಟನೇ ಸುತ್ತಿನಿಂದ ಶುರು?

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ. ಹೊರಗಿನಿಂದ ಬರುವವರಿಗೆ ಮೊದಲ ಪಂದ್ಯವನ್ನು ಮಧ್ಯಾಹ್ನದ ಮೇಲೆ ಇಡಲಾಗುತ್ತದೆಯೇ? ಡ್ರಾ ಹಾಕುವ ಮುಂಚೆ ವಿನಯದಿಂದ ಕೇಳಿದರೆ ಬಹಳಷ್ಟು ಮಂದಿ ಒಪ್ಪುತ್ತಾರೆ, ಡ್ರಾ ಆದಮೇಲೆ ಯಾರೂ ಒಪ್ಪುವುದಿಲ್ಲ. ಈ ಒಂದು ಮಾತಿನಿಂದ ನನಗೆ ಎಷ್ಟೋ ಸಲ ಒಂದು ದಿನದ ಬಾಡಿಗೆ ಉಳಿದಿದೆ.

ಟೇಬಲ್ ಯಾವುದೆಂದೂ ಕೇಳಿಡಿ. ಒಂಬತ್ತು ಅಡಿಯ ಮಾಮೂಲಿ ಪೂಲ್ ಟೇಬಲ್ಲೋ, ಸ್ನೂಕರ್ ಟೇಬಲ್ಲಿನ ಹಾಗೆ ಪಾಕೆಟ್ ಬಾಯಿ ದುಂಡಗಿರುವ ಹೇಬಾಲ್ ಟೇಬಲ್ಲೋ? ಎರಡನೆಯದಾದರೆ ಅಭ್ಯಾಸಕ್ಕೆ ಒಂದು ದಿನ ಮುಂಚೆ ಹೋಗಬೇಕಾಗಬಹುದು. ಅಲ್ಲಿಗೆ ಇನ್ನೊಂದು ರಾತ್ರಿಯ ಬಾಡಿಗೆ ಸೇರಿತು.

ಹಂತ 2: ಡ್ರಾದಿಂದ ರಾತ್ರಿಗಳನ್ನು ಎಣಿಸಿ

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಬಜೆಟ್ ನಿಂತಿರುವುದೇ ಇದರ ಮೇಲೆ.

64 ಆಟಗಾರರ ನೇರ ನಾಕೌಟ್‌ನಲ್ಲಿ ಒಟ್ಟು 63 ಪಂದ್ಯ. ಪ್ರತಿ ಪಂದ್ಯಕ್ಕೂ ಒಬ್ಬ ಮನೆಗೆ ಹೋಗಬೇಕು, ಕೊನೆಗೆ ಒಬ್ಬ ಉಳಿಯಬೇಕು, ಅಷ್ಟೇ. ನಾಲ್ಕು ಟೇಬಲ್ ಇದ್ದು, ರೇಸ್ ಟು 7ರ ಪಂದ್ಯಕ್ಕೆ ಒಂದು ಗಂಟೆ ಹಿಡಿದರೆ ಸುಮಾರು ಹದಿನಾರು ಗಂಟೆಯ ಆಟ. ಎರಡು ದಿನದಲ್ಲಿ ಮುಗಿಯುತ್ತದೆ. ಮೊದಲ ಸುತ್ತಿಗೇ 32 ಜನ ಹೊರಗೆ. ಅವರಲ್ಲಿ ನೀವೂ ಇರಬಹುದೆಂದು ಎಣಿಸಿಯೇ ಹೊರಡಿ.

ಡಬಲ್ ಎಲಿಮಿನೇಷನ್‌ನಲ್ಲಿ ಒಬ್ಬ ಹೊರಹೋಗಲು ಎರಡು ಸೋಲು ಬೇಕು. ಅದೇ 64 ಜನಕ್ಕೆ 126 ಪಂದ್ಯ, ಫೈನಲ್ ಎರಡು ಸಲ ಆಡಿದರೆ 127. ನಾಲ್ಕು ಟೇಬಲ್‌ಗೆ ಹಂಚಿದರೆ ಮೂವತ್ತೆರಡು ಗಂಟೆ. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಆಡಿಸಿದರೂ ಮೂರು ದಿನ ಪೂರ್ತಿ ಬೇಕು. ಅದೂ ಟೇಬಲ್ ಒಂದು ನಿಮಿಷವೂ ಖಾಲಿ ಬೀಳದಿದ್ದರೆ. ಕೊನೆಯ ಸುತ್ತುಗಳಲ್ಲಿ ಒಬ್ಬರ ಪಂದ್ಯ ಮುಗಿಯುವವರೆಗೆ ಇನ್ನೊಬ್ಬರು ಕಾಯಲೇಬೇಕು, ಮೂರು ಟೇಬಲ್ ಸುಮ್ಮನೆ ಬಿದ್ದಿರುತ್ತವೆ. ಹಾಗಾಗಿ ಪೋಸ್ಟರಿನಲ್ಲಿ ‘ಭಾನುವಾರ ಸಂಜೆ 5ಕ್ಕೆ ಬಹುಮಾನ ವಿತರಣೆ’ ಎಂದಿದ್ದರೆ ನೀವು ರಾತ್ರಿ ಹನ್ನೊಂದು ಎಂದು ಬರೆದುಕೊಳ್ಳಿ. ಒಂದು ಸಲ ಸೋತವರ ನಡುವಿನ ಪಂದ್ಯಗಳನ್ನು ರೇಸ್ ಟು 5ಕ್ಕೆ ಇಳಿಸುವುದುಂಟು, ಆಗ ಸ್ವಲ್ಪ ಸಮಯ ಉಳಿಯುತ್ತದೆ. ಅದನ್ನೂ ಫೋನಿನಲ್ಲೇ ಕೇಳಿ.

ಈಗ ನಿಮ್ಮ ಪಾಲಿನದು. ಒಂದೂ ಸೋಲದೆ ಗೆಲ್ಲುವವನು ಆಡುವುದು ಏಳು ಪಂದ್ಯ. ಮೊದಲನೆಯದನ್ನೇ ಸೋತು ಕೆಳಗಿನಿಂದ ಮೇಲೆ ಬಂದು ಕಪ್ ಎತ್ತುವವನು ಹದಿಮೂರು ಪಂದ್ಯ ಆಡಬೇಕು. ಅಂದರೆ ಬೇಗ ಒಂದು ಸೋತರೆ ದಿನ ಕಡಿಮೆಯಾಗುವುದಿಲ್ಲ, ಊಟಕ್ಕೂ ಪುರುಸೊತ್ತಿಲ್ಲದೆ ಆಡುತ್ತಾ ಇರುತ್ತೀರಿ. ‘ಮೊದಲ ಮ್ಯಾಚ್ ಸೋತೆ, ಇವತ್ತೇ ವಾಪಸ್’ ಎಂದು ಮನೆಗೆ ಫೋನ್ ಮಾಡಿದ ಗೆಳೆಯನೊಬ್ಬ ಮೂರನೇ ದಿನವೂ ಹಾಲ್‌ನಲ್ಲೇ ಇದ್ದ.

ಹಂತ 3: ಒಂದಲ್ಲ, ಮೂರು ಚೀಟಿ ಬರೆಯಿರಿ

ಮೊದಲ ದಿನ ಸೋತರೆ ಎಷ್ಟು, ಎರಡನೇ ದಿನ ಸೋತರೆ ಎಷ್ಟು, ಕೊನೆಯವರೆಗೆ ಉಳಿದರೆ ಎಷ್ಟು? ಮೂರನ್ನೂ ಬೇರೆ ಬೇರೆ ಬರೆಯಿರಿ. ಉದಾಹರಣೆಗೆ ಮೈಸೂರಿನಿಂದ ಚೆನ್ನೈಗೆ, ಶುಕ್ರವಾರದಿಂದ ಭಾನುವಾರದವರೆಗಿನ ಟೂರ್ನಿ, ಎಂಟ್ರಿ ಫೀ 2,000 ಎಂದಿಟ್ಟುಕೊಳ್ಳೋಣ. ಗುರುವಾರ ರಾತ್ರಿ ಕಾವೇರಿ ಹತ್ತಿದರೆ ಶುಕ್ರವಾರ ಬೆಳಗ್ಗೆ ಚೆನ್ನೈ. ಅಂಕಿಗಳು ಅಂದಾಜಿನವು, ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಶುಕ್ರವಾರವೇ ಸೋತರೆ:
ರೈಲು ಹೋಗಿ ಬರಲು 1,600
ರೂಮು ಒಂದು ದಿನ 1,400
ಊಟ ತಿಂಡಿ 600
ಆಟೋ 400
ಎಂಟ್ರಿ 2,000
ಅಭ್ಯಾಸಕ್ಕೆ ಟೇಬಲ್ ಎರಡು ಗಂಟೆ 600
ಚಾಕ್, ಟಿಪ್ (ಕೋಲಿನ ತುದಿಗೆ ಅಂಟಿಸುವ ಚರ್ಮ) ಇತ್ಯಾದಿ 300
ಒಟ್ಟು 6,900

ಶನಿವಾರ ಸೋತರೆ ರೂಮು 2,800, ಊಟ 1,100, ಆಟೋ 700 ಆಗುತ್ತದೆ, ಉಳಿದದ್ದು ಹಾಗೇ. ಒಟ್ಟು 9,100.

ಭಾನುವಾರ ರಾತ್ರಿಯವರೆಗೂ ಆಡಿದರೆ ರೂಮು ಮೂರು ದಿನ 4,200, ಊಟ 1,700, ಆಟೋ 1,100. ವಾಪಸ್ ಸೋಮವಾರ ಬೆಳಗಿನ ಶತಾಬ್ದಿಯೋ ವಂದೇ ಭಾರತೋ ಹತ್ತುವುದಾದರೆ 800ರ ಬದಲು 1,300. ಒಟ್ಟು 12,000.

ಮೊದಲ ದಿನ ಸೋತವನಿಗಿಂತ ಕೊನೆಯವರೆಗೆ ಆಡಿದವನಿಗೆ 5,100 ಹೆಚ್ಚು ಖರ್ಚು. ನಾನು ಚೆನ್ನೈಗೆ ಒಯ್ದದ್ದು ಮೊದಲ ಚೀಟಿಯ ಹಣ, ಆಡಿದ್ದು ಮೂರನೇ ಚೀಟಿಯ ಆಟ. ಕೈಯಲ್ಲಿರಬೇಕಾದ್ದು ಮೂರನೇ ಚೀಟಿಯ ಮೊತ್ತ, ಅದರ ಮೇಲೆ ಒಂದೂವರೆ ಸಾವಿರ. ಖರ್ಚಾಗದೆ ಉಳಿದರೆ ಮುಂದಿನ ಟೂರ್ನಿಯ ಎಂಟ್ರಿ ಫೀ ಆಯಿತು.

ಒಂದು ಸಾಲನ್ನು ಯಾರೂ ಬರೆಯುವುದಿಲ್ಲ: ರಜೆ. ಸಂಬಳದ ರಜೆ ಉಳಿದಿದ್ದರೆ ಸರಿ. ದಿನಗೂಲಿಯವರಿಗೆ, ಅಂಗಡಿ ಇಟ್ಟವರಿಗೆ, ಡೆಲಿವರಿ ಕೆಲಸದವರಿಗೆ ಮೂರು ದಿನದ ಆದಾಯ ಹೋಗುತ್ತದೆ. ದಿನಕ್ಕೆ 900 ಎಂದರೆ 2,700. ಅದನ್ನೂ ಚೀಟಿಯಲ್ಲಿ ಬರೆದು ನೋಡಿ. ಕೆಲವು ಟೂರ್ನಿಗಳ ಆಸೆ ಅಲ್ಲಿಗೇ ತಣ್ಣಗಾಗುತ್ತದೆ.

ಹಂತ 4: ಹೋಗುವ ಟಿಕೆಟ್ ಸುಲಭ, ಬರುವ ಟಿಕೆಟ್‌ಗೆ ತಲೆ ಓಡಿಸಿ

ರೈಲ್ವೆಯಲ್ಲಿ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಟೂರ್ನಿಯ ಪೋಸ್ಟರ್ ಬರುವುದು ಮೂರು ನಾಲ್ಕು ವಾರ ಮುಂಚೆ. ಆದ್ದರಿಂದ ಪ್ರತಿ ವರ್ಷ ಅದೇ ತಿಂಗಳಲ್ಲಿ ನಡೆಯುವ ಟೂರ್ನಿಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ತಿಂಗಳು ಮುಂಚೆಯೇ ಸಂಘಟಕರನ್ನು ದಿನಾಂಕ ಕೇಳಿ.

ವಾಪಸ್ ಟಿಕೆಟನ್ನು ನೀವು ಗೆಲ್ಲುವ ದಿನಕ್ಕೆ ಮಾಡಿ, ಸೋಲುವ ದಿನಕ್ಕೆ ಬೇಡ. ಭಾನುವಾರದ ಫೈನಲ್ ಇದ್ದರೆ ಸೋಮವಾರದ ಟಿಕೆಟ್. ಮುಂಚೆಯೇ ಸೋತರೆ ಅದನ್ನು ರದ್ದು ಮಾಡಿ ಬಸ್ಸಿಗೋ, ಚಾರ್ಟ್ ಆದಮೇಲೆ ಸೀಟು ಉಳಿದಿದ್ದರೆ ಕರೆಂಟ್ ಬುಕಿಂಗ್‌ನಲ್ಲೋ ಹೊರಡಬಹುದು. ಹೊರಡುವ ಹೊತ್ತು ಹತ್ತಿರವಾದಷ್ಟೂ ಕಡಿತ ಹೆಚ್ಚು, ಹಾಗಾಗಿ ಸೋತ ತಕ್ಷಣ ಮಾಡಬೇಕಾದ ಮೊದಲ ಕೆಲಸ ಫೋನು ತೆಗೆದು ರದ್ದು ಮಾಡುವುದು. ದುಃಖಪಡಲು ರೈಲಿನಲ್ಲಿ ಬೇಕಾದಷ್ಟು ಹೊತ್ತಿದೆ. ತತ್ಕಾಲ್‌ನ ಕನ್ಫರ್ಮ್ ಟಿಕೆಟ್‌ಗೆ ಹಣ ವಾಪಸ್ ಇಲ್ಲ ಎಂಬುದು ನೆನಪಿರಲಿ. ಎಸಿ ತತ್ಕಾಲ್ ಹಿಂದಿನ ದಿನ ಬೆಳಗ್ಗೆ ಹತ್ತಕ್ಕೆ, ಸ್ಲೀಪರ್ ಹನ್ನೊಂದಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆಯೇ ಬೇಕು. ಹಾಲ್‌ನಲ್ಲಿ ಪಂದ್ಯದ ನಡುವೆ ಆಧಾರ್ ಒಟಿಪಿಗಾಗಿ ಒದ್ದಾಡಬೇಡಿ, ಮನೆಯಲ್ಲೇ ಮುಗಿಸಿ.

ಹಿರಿಯ ಆಟಗಾರರು ‘ಸ್ಪೋರ್ಟ್ಸ್ ಕನ್ಸೆಷನ್ ಇದೆಯಲ್ಲಪ್ಪಾ, ಸಂಸ್ಥೆಯಿಂದ ಲೆಟರ್ ತಗೋ’ ಎನ್ನುತ್ತಾರೆ. ಇತ್ತು, ನಿಜ. ಆದರೆ 2020ರ ಮಾರ್ಚ್‌ನಲ್ಲಿ ರೈಲ್ವೆ ನಿಲ್ಲಿಸಿದ ರಿಯಾಯಿತಿಗಳಲ್ಲಿ ಅದೂ ಸೇರಿತ್ತು. ಕೌಂಟರಿನಲ್ಲಿ ವಿಚಾರಿಸದೆ ಆ ಮಾತಿನ ಮೇಲೆ ಬಜೆಟ್ ಕಟ್ಟಬೇಡಿ.

ವಿಮಾನದ ವಿಷಯದಲ್ಲಿ ನಮ್ಮವರು ಮೋಸ ಹೋಗುವುದು ಕ್ಯೂ (ಆಡುವ ಕೋಲು) ಕಾರಣಕ್ಕೆ. ಕ್ರಿಕೆಟ್ ಬ್ಯಾಟು, ಹಾಕಿ ಸ್ಟಿಕ್ಕಿನ ಹಾಗೆ ಬಿಲಿಯರ್ಡ್ಸ್, ಪೂಲ್ ಕ್ಯೂಗಳನ್ನೂ ಕ್ಯಾಬಿನ್‌ಗೆ ಒಯ್ಯಲು ಬಿಡುವುದಿಲ್ಲ. ಚೆಕ್-ಇನ್ ಮಾಡಲೇಬೇಕು. ಕೈಚೀಲ ಮಾತ್ರ ಒಯ್ಯಬಹುದಾದ ಅಗ್ಗದ ಟಿಕೆಟ್ ಕೊಂಡಿದ್ದರೆ ಕೌಂಟರಿನಲ್ಲಿ ಲಗೇಜ್ ಹಣ ಕಟ್ಟಬೇಕು, ಆಗ ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ. ದೇಶದೊಳಗಿನ ಮಾಮೂಲಿ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಚೆಕ್-ಇನ್ ಇರುತ್ತದೆ. ಎರಡು ಕ್ಯೂ ಇರುವ ಗಟ್ಟಿ ಕೇಸು, ಬಟ್ಟೆ, ಶೂ ಎಲ್ಲ ಅದರಲ್ಲಿ ಹಿಡಿಯುತ್ತವೆ. ನಡುವೆ ಬಿಚ್ಚುವ ಪೂಲ್ ಕ್ಯೂ ಎರಡು ತುಂಡಾದರೆ ಒಂದೊಂದು 29 ಇಂಚಿನ ಆಸುಪಾಸು. ದೊಡ್ಡ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಮಲಗಿಸಿ, ಸುತ್ತ ಬಟ್ಟೆ ತುರುಕಿದರೆ ಪ್ರತ್ಯೇಕ ಲಗೇಜ್ ಬೇಕಿಲ್ಲ. ಮುಕ್ಕಾಲು ಭಾಗದಲ್ಲಿ ಜೋಡಿಸುವ ಸ್ನೂಕರ್ ಕ್ಯೂ ಇದ್ದವರಿಗೆ ಈ ಭಾಗ್ಯವಿಲ್ಲ.

ಮೈಸೂರಿನವರಾದರೆ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಫ್ಲೈಬಸ್ ದರ, ಆ ಕಡೆ ಇಳಿದಮೇಲೆ ಟ್ಯಾಕ್ಸಿ, ಎರಡನ್ನೂ ಟಿಕೆಟ್ ದರಕ್ಕೆ ಕೂಡಿಸಿಯೇ ರೈಲಿನೊಂದಿಗೆ ಹೋಲಿಸಿ. ಇಂದೋರ್‌ನಷ್ಟು ದೂರದ ಊರಿಗೆ ಮಾತ್ರ ನಾನು ವಿಮಾನದ ಪರ. ಒಂದೂವರೆ ದಿನ ರೈಲಿನಲ್ಲಿ ಕೂತು ಇಳಿದವನ ಬೆನ್ನು ಕ್ಯೂ ಮೇಲೆ ಬಗ್ಗಲು ಒಪ್ಪುವುದಿಲ್ಲ. ಹೋಗುವಾಗ ವಿಮಾನ, ಬರುವಾಗ ರೈಲು, ಇದು ನಾನು ಕಂಡುಕೊಂಡ ರಾಜಿ. ಬರುವಾಗ ಬೆನ್ನು ಹೇಗಿದ್ದರೇನು.

ನಾಲ್ವರು ಸೇರಿ ಕಾರಿನಲ್ಲಿ ಹೋದರೆ ಪೆಟ್ರೋಲು, ಟೋಲು ಹಂಚಿಹೋಗುತ್ತದೆ. ಸ್ವಂತ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ (ಶುರುವಾದಾಗ 3,000 ರೂಪಾಯಿ) 2025ರ ಆಗಸ್ಟ್‌ನಿಂದ ಇದೆ, ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ವರ್ಷಕ್ಕೆ 200 ಸಲ ದಾಟಬಹುದು. ತಿಂಗಳಿಗೆರಡು ಸಲ ಮೈಸೂರು–ಬೆಂಗಳೂರು ಓಡಾಡುವವರಿಗೆ ಲಾಭವೇ. ಆದರೆ ಮೊದಲು ಸೋತವನು ಕೊನೆಯವನ ಪಂದ್ಯ ಮುಗಿಯುವವರೆಗೆ ಕಾಯಬೇಕು. ಕಾರು ಯಾರದೋ ಅವನೇ ಮೊದಲು ಸೋತರೆ ಉಳಿದ ಮೂವರ ಗತಿಯೇನೆಂದು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಕ್ಯೂವನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಮರ ಬಾಗಿದರೆ ಉಳಿಸಿದ ಟೋಲು ಯಾವ ಲೆಕ್ಕ.

ಹಂತ 5: ರೂಮು

ಮೊದಲು ಕೇಳಬೇಕಾದ್ದು ಬಾಡಿಗೆ ಅಲ್ಲ, ಚೆಕ್-ಔಟ್ ಹೇಗೆ ಎಂದು. ನಮ್ಮ ಕಡೆಯ ಮತ್ತು ತಮಿಳುನಾಡಿನ ಎಷ್ಟೋ ಲಾಡ್ಜ್‌ಗಳಲ್ಲಿ 24 ಗಂಟೆಯ ಲೆಕ್ಕ ಇರುತ್ತದೆ. ಬೆಳಗ್ಗೆ ಏಳಕ್ಕೆ ಹೊಕ್ಕರೆ ಮರುದಿನ ಏಳರವರೆಗೆ ಒಂದು ದಿನ. ಮಧ್ಯಾಹ್ನ ಹನ್ನೆರಡರ ಲೆಕ್ಕದ ಹೋಟೆಲಿಗೆ ಬೆಳಗ್ಗೆ ಏಳಕ್ಕೆ ಹೋದರೆ ಒಂದೋ ಲಾಬಿಯಲ್ಲಿ ಕೂರಬೇಕು, ಇಲ್ಲವೇ ಇನ್ನೊಂದು ದಿನದ ಬಾಡಿಗೆ ಕೊಡಬೇಕು. ರಾತ್ರಿ ರೈಲಿನಲ್ಲಿ ಬಂದು ಬೆಳಗ್ಗೆ ಇಳಿಯುವ ನಮಗೆ ಈ ವ್ಯತ್ಯಾಸ ದೊಡ್ಡದು. 1,200ರ ಹೋಟೆಲಿಗಿಂತ 1,400ರ 24 ಗಂಟೆ ಲಾಡ್ಜ್ ಅಗ್ಗವಾದದ್ದನ್ನು ನಾನೇ ಅನುಭವಿಸಿದ್ದೇನೆ. ಸ್ನಾನ ಮಾಡಿ ಎರಡು ಗಂಟೆ ಮಲಗಿ ಹೋಗುವುದಷ್ಟೇ ಬೇಕಿದ್ದರೆ ದೊಡ್ಡ ರೈಲು ನಿಲ್ದಾಣಗಳ ರಿಟೈರಿಂಗ್ ರೂಮು ನೋಡಿ, ಟಿಕೆಟಿನ ಪಿಎನ್‌ಆರ್ ಕೊಟ್ಟು ಆನ್‌ಲೈನ್‌ನಲ್ಲೇ ಕಾಯ್ದಿರಿಸಬಹುದು.

ಎರಡನೆಯದು ದೂರ. ಹಾಲ್‌ನಿಂದ ಎಂಟು ಕಿಲೋಮೀಟರ್ ಆಚೆ ರೂಮು 300 ಅಗ್ಗ ಎಂದು ಹಿಡಿದರೆ ಆ 300 ಆಟೋದವನಿಗೆ ಹೋಗುತ್ತದೆ, ಜೊತೆಗೆ ನಿದ್ದೆಯೂ. ಬೆಂಗಳೂರಿನಲ್ಲಿ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಪಂದ್ಯಗಳು ಮುಗಿಯುವುದೇ ಹತ್ತರ ಮೇಲೆ. ವಸಂತನಗರದಲ್ಲಿರುವ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಹಾಲ್‌ನಲ್ಲಿ ಪಂದ್ಯವಿದ್ದರೆ ಹೊರ ಊರಿನವರು ದಂಡು (ಕಂಟೋನ್ಮೆಂಟ್) ರೈಲು ನಿಲ್ದಾಣದ ಆಸುಪಾಸಿನಲ್ಲಿ ಉಳಿಯಬಹುದು, ನಡೆದೇ ಹೋಗುವಷ್ಟು ಹತ್ತಿರ.

ರೂಮು ಹಂಚಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಉಳಿತಾಯ, ಎಲ್ಲಕ್ಕಿಂತ ದೊಡ್ಡ ಜಗಳವೂ ಹೌದು. ಇಬ್ಬರು ಹೋಗುತ್ತೀರಿ, ಒಬ್ಬ ಶುಕ್ರವಾರ ಸೋತು ಹೊರಟ. ಉಳಿದ ಎರಡು ದಿನದ ಬಾಡಿಗೆ ಯಾರದು? ನಾವು ಮಾಡಿಕೊಂಡ ಕರಾರು ಹೀಗಿದೆ: ಸೋತವನು ಇರುವಷ್ಟು ದಿನದ ಅರ್ಧ ಕೊಡುತ್ತಾನೆ, ಮೇಲೆ ಒಂದು ದಿನದ ಅರ್ಧ ಕೊಟ್ಟು ಹೊರಡುತ್ತಾನೆ. ಗೆದ್ದವನಿಗೆ ಬಹುಮಾನ ಬಂದರೆ ಆ ಕೊನೆಯ ಅರ್ಧ ವಾಪಸ್. ನ್ಯಾಯವೋ ಅಲ್ಲವೋ, ಮುಂಚೆಯೇ ಒಪ್ಪಿದ್ದರಿಂದ ನಾಲ್ಕು ವರ್ಷದಲ್ಲಿ ಒಂದು ಸಲವೂ ಮಾತು ಬೆಳೆದಿಲ್ಲ. ಮತ್ತೆ, ಗೊರಕೆ ಹೊಡೆಯುವವನ ಜೊತೆ ರೂಮು ಹಂಚಿಕೊಂಡು ಉಳಿಸಿದ ಏಳುನೂರು ರೂಪಾಯಿ ಮರುದಿನ ಬೆಳಗ್ಗೆ ಎಂಟನೇ ಬಾಲ್ ಮೇಲೆ ಹೋಗುತ್ತದೆ.

ಹಂತ 6: ಊಟ, ಮತ್ತು ಸೋತಮೇಲಿನ ಸಂಜೆ

ಊಟಕ್ಕೆ ಹೆಚ್ಚು ಹೇಳಬೇಕಿಲ್ಲ. ಬೆಳಗ್ಗೆ ಹೊಟ್ಟೆ ತುಂಬ ತಿಂಡಿ, ನಡುವೆ ಬಾಳೆಹಣ್ಣು, ಹುರಿಗಡಲೆ. ಮನೆಯಿಂದ ಚಪಾತಿ, ಚಟ್ನಿಪುಡಿ, ಖಾರದ ಅವಲಕ್ಕಿ ಒಯ್ದರೆ ಮೊದಲ ದಿನ ದಾಟುತ್ತದೆ. ರಾತ್ರಿ ಹನ್ನೊಂದಕ್ಕೆ ಪಂದ್ಯ ಮುಗಿದಾಗ ತೆರೆದಿರುವ ಹೋಟೆಲು ಯಾವುದೆಂದು ಮಧ್ಯಾಹ್ನವೇ ನೋಡಿಟ್ಟುಕೊಳ್ಳಿ. ಇಲ್ಲದಿದ್ದರೆ ಆ್ಯಪ್‌ನಲ್ಲಿ ತರಿಸಿ, ಎಪ್ಪತ್ತರ ಅನ್ನಕ್ಕೆ ಇನ್ನೂರು ಕೊಡುತ್ತೀರಿ.

ನಿಜವಾದ ತೂತು ಬೇರೆ ಕಡೆ ಇದೆ. ಸೋತಿದ್ದೀರಿ, ರೈಲಿಗೆ ಇನ್ನೂ ಆರು ಗಂಟೆ ಇದೆ, ಪಕ್ಕದ ಪೂಲ್ ಪಾರ್ಲರಿನಲ್ಲಿ ‘ಬನ್ನಿ ಸಾರ್, ಒಂದು ಫ್ರೆಂಡ್ಲಿ ಆಡೋಣ’ ಎನ್ನುತ್ತಾರೆ. ನಮ್ಮ ಪಾರ್ಲರ್‌ಗಳ ಪದ್ಧತಿ ಗೊತ್ತಲ್ಲ, ಸೋತವರು ಟೇಬಲ್ ಬಿಲ್ ಕೊಡುವುದು. ಗೊತ್ತಿಲ್ಲದ ಟೇಬಲ್, ಗೊತ್ತಿಲ್ಲದ ಜನ, ಸೋತ ಸಿಟ್ಟು. ಟೇಬಲ್ ಬಿಲ್ಲಿನಿಂದ ಶುರುವಾದದ್ದು ಬಾಜಿಗೆ ಹೋಗಲು ಅರ್ಧ ಗಂಟೆ ಸಾಕು. ನಾನು ಸೋತ ದಿನ ಕ್ಯೂ ಬಿಚ್ಚಿ ಕೇಸಿಗೆ ಹಾಕಿ ಜಿಪ್ ಎಳೆದರೆ ಊರು ಮುಟ್ಟುವವರೆಗೆ ತೆಗೆಯುವುದಿಲ್ಲ. ಉಳಿದವರ ಪಂದ್ಯ ನೋಡುತ್ತಾ ಕೂರುತ್ತೇನೆ. ಅದಕ್ಕೆ ಬಿಲ್ಲಿಲ್ಲ.

ಹಂತ 7: ಕ್ಯೂ ಮತ್ತು ಬಟ್ಟೆ

ಹೊಸ ಟಿಪ್ ಹಾಕಿಸುವುದಿದ್ದರೆ ಹತ್ತು ದಿನ ಮುಂಚೆ ನಿಮ್ಮ ಊರಿನಲ್ಲೇ ಹಾಕಿಸಿ. ಟೂರ್ನಿ ಹಾಲ್‌ನಲ್ಲಿ ಟಿಪ್ ಹಾರಿಹೋದರೆ ಹಾಕಿಕೊಡುವವನು ಕೇಳಿದಷ್ಟು ಕೊಡಬೇಕು. ಎರಡು ಟಿಪ್, ಅಂಟು, ಮರಳು ಕಾಗದ, ಒಂದು ಪೂರ್ತಿ ಚಾಕ್, ಒಣ ಬಟ್ಟೆ, ಇಷ್ಟು ಕೇಸಿನ ಜೇಬಿನಲ್ಲಿರಲಿ. ಡ್ರೆಸ್ ಕೋಡ್ ಮುಂಚೆಯೇ ಕೇಳಿ. ಕಪ್ಪು ಪ್ಯಾಂಟು, ಕಾಲರ್ ಇರುವ ಟೀ ಶರ್ಟು, ಶೂ ಇದ್ದರೆ ಬಹುತೇಕ ಕಡೆ ನಡೆಯುತ್ತದೆ. ಜೀನ್ಸಿನಲ್ಲಿ ಹೋಗಿ ಅಲ್ಲೇ ಹತ್ತಿರದ ಅಂಗಡಿಯಲ್ಲಿ ಕಪ್ಪು ಪ್ಯಾಂಟು ಕೊಂಡವರು ಪ್ರತಿ ಟೂರ್ನಿಯಲ್ಲೂ ಒಬ್ಬರಾದರೂ ಸಿಗುತ್ತಾರೆ.

ಹಂತ 8: ಬಹುಮಾನದ ಹಣವನ್ನು ಲೆಕ್ಕಕ್ಕೆ ತರಬೇಡಿ

ಬಹುಮಾನ ಕೆಲವು ಕಡೆ ಅವತ್ತೇ ಕೈಗೆ ಸಿಗುತ್ತದೆ, ಕೆಲವು ಕಡೆ ವಾರಗಳ ಮೇಲೆ ಖಾತೆಗೆ ಬರುತ್ತದೆ. ಹತ್ತು ಸಾವಿರ ಮೀರಿದರೆ ಪಾನ್ ನಂಬರ್ ಕೇಳಿ ಟಿಡಿಎಸ್ ಹಿಡಿಯುವ ಸಂಘಟಕರಿದ್ದಾರೆ. ಮನೆಗೆ ಬರುವ ಟಿಕೆಟ್ ಬಹುಮಾನದ ದುಡ್ಡಿನಲ್ಲಿ ತೆಗೆಯುತ್ತೇನೆ ಎಂದು ಹೋಗುವುದು ಮೂರ್ಖತನ. ಒಂದು ಸಲ ನಾನೂ ಮಾಡಿದ್ದೇನೆ.

ಆದರೆ ಬಹುಮಾನ ಪಟ್ಟಿಯನ್ನು ಚೀಟಿಗಳ ಪಕ್ಕ ಇಟ್ಟು ನೋಡುವುದು ಒಳ್ಳೆಯದು. ಎಷ್ಟನೇ ಸುತ್ತಿಗೆ ನಿಮ್ಮ ಖರ್ಚು ವಾಪಸಾಗುತ್ತದೆ? ಮೇಲಿನ ಚೆನ್ನೈ ಲೆಕ್ಕದಲ್ಲಿ ಸೆಮಿಫೈನಲ್ ಸೋತವರಿಗೆ 6,000 ಎಂದರೆ ಹನ್ನೆರಡರಲ್ಲಿ ಅರ್ಧ ಬಂತು. ಖರ್ಚು ಹುಟ್ಟಬೇಕಾದರೆ ಫೈನಲ್ ತಲುಪಲೇಬೇಕೆಂದಾದರೆ ಆ ಟೂರ್ನಿಗೆ ಹೋಗುವುದು ಕಲಿಯಲು, ಗಳಿಸಲು ಅಲ್ಲ. ಹೋಗಬೇಡಿ ಎನ್ನುತ್ತಿಲ್ಲ. ಯಾವುದಕ್ಕೆ ಹೋಗುತ್ತಿದ್ದೀರೆಂದು ಮನೆಯವರಿಗೆ ಸರಿಯಾಗಿ ಹೇಳಿ ಹೋಗಿ.

ಪಾರ್ಲರ್ ಮಾಲೀಕರೋ ಗೆಳೆಯರೋ ‘ಖರ್ಚು ನಾನು ನೋಡ್ಕೋತೀನಿ, ಗೆದ್ರೆ ಅರ್ಧ ಕೊಡು’ ಎನ್ನುವುದುಂಟು. ಒಪ್ಪಬಹುದು, ಆದರೆ ಯಾವುದರ ಅರ್ಧ? 20,000 ಗೆದ್ದಿರಿ, ಅವರು ಹಾಕಿದ್ದು 12,000 ಎಂದುಕೊಳ್ಳಿ. ಮೊದಲು ಖರ್ಚು ತೆಗೆದು ಉಳಿದದ್ದನ್ನು ಹಂಚಿದರೆ ನಿಮಗೆ 4,000. ಇಡೀ ಮೊತ್ತವನ್ನು ಹಂಚಿದರೆ 10,000. ಅವರ ಮನಸ್ಸಿನಲ್ಲಿ ಒಂದು, ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಇದ್ದರೆ ಹಣದ ಜೊತೆ ಅಭ್ಯಾಸದ ಟೇಬಲ್ಲೂ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ‘ಸರಿನಾ ಅಣ್ಣಾ?’ ಎಂದು ಕೇಳಿ, ಅವರು ‘ಸರಿ’ ಎಂದಮೇಲೆ ಹೊರಡಿ.

ಹಂತ 9: ವರ್ಷದ ಗಂಟು

ಒಂದೊಂದೇ ಟೂರ್ನಿಯ ಬಜೆಟ್ ಹಾಕುತ್ತಾ ಹೋದರೆ ಪ್ರತಿಯೊಂದೂ ‘ಇದೊಂದು ಸಲ’ ಆಗುತ್ತದೆ. ತಿಂಗಳಿಗೆ 5,000 ಬೇರೆ ಖಾತೆಗೆ ಹಾಕಿದರೆ ವರ್ಷಕ್ಕೆ 60,000. ಅದರಲ್ಲಿ ಇಂದೋರ್, ಮುಂಬೈಯಂಥ ದೂರದ ಎರಡಕ್ಕೆ ತಲಾ 16,000 ತೆಗೆದಿಡಿ. ಚೆನ್ನೈ ಒಂದಕ್ಕೆ 12,000. ಉಳಿದ ಹದಿನಾರು ಸಾವಿರದಲ್ಲಿ 3,500ರಂತೆ ಬೆಂಗಳೂರಿನ ನಾಲ್ಕು ಟೂರ್ನಿ. ಇನ್ನೂ ಎರಡು ಸಾವಿರ ಉಳಿಯುತ್ತದೆ, ಟಿಪ್ಪಿಗೆ, ಹೊಸ ಶೂಗೆ.

ಯಾವುದಕ್ಕೆ ಹೋಗಬೇಕೆಂದು ಗೊಂದಲವಾದರೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಖಚಿತವಾಗಿ ಸಿಗುವ ಪಂದ್ಯವೊಂದಕ್ಕೆ ಎಷ್ಟು ಬೀಳುತ್ತದೆ? ಬೆಂಗಳೂರಿನಲ್ಲಿ ಗ್ರೂಪ್ ಹಂತವಿರುವ ಟೂರ್ನಿ, ಮೂರು ಪಂದ್ಯ ಖಚಿತ, 3,500 ಖರ್ಚು. ಪಂದ್ಯಕ್ಕೆ ಸುಮಾರು 1,170. ಚೆನ್ನೈನ ಡಬಲ್ ಎಲಿಮಿನೇಷನ್, ಎರಡು ಖಚಿತ, ಬೇಗ ಸೋತರೆ 6,900. ಪಂದ್ಯಕ್ಕೆ 3,450. ದೂರದ ಊರಿನ ನೇರ ನಾಕೌಟ್, 16,000 ಕೊಟ್ಟು ಒಂದು ಪಂದ್ಯ. ಎರಡು ವರ್ಷವಾದರೂ ಮೊದಲೆರಡು ಬಗೆಯವನ್ನೇ ಆಡಿ, ಆಮೇಲೆ ಮೂರನೆಯದಕ್ಕೆ ಕೈ ಹಾಕಿ ಎಂಬುದು ನನ್ನ ಅಭಿಪ್ರಾಯ. ರಾಷ್ಟ್ರೀಯ ಟೂರ್ನಿಗೆ ರಾಜ್ಯ ಸಂಸ್ಥೆಯ ಮೂಲಕ ಅವಕಾಶ ಸಿಕ್ಕಿದರೆ ಈ ಲೆಕ್ಕ ಬದಿಗಿಡಿ, ಅದಕ್ಕೆ ಹೋಗಲೇಬೇಕು. ಬಿಲಿಯರ್ಡ್ಸ್, ಸ್ನೂಕರ್, ಪೂಲ್, ವಯೋಮಿತಿಯ ವಿಭಾಗಗಳೆಲ್ಲ ಸೇರಿ ಅದು ವಾರಗಟ್ಟಲೆ ನಡೆಯುತ್ತದೆ. ಉದ್ಘಾಟನೆಯ ದಿನ ನೋಡಿ ಟಿಕೆಟ್ ಮಾಡಬೇಡಿ, ನಿಮ್ಮ ವಿಭಾಗ ಶುರುವಾಗುವ ದಿನ ಕೇಳಿ ಮಾಡಿ. ಪ್ರಯಾಣಭತ್ಯೆ ಏನಾದರೂ ಇದೆಯೇ, ಯಾವ ಬಿಲ್ಲು ಬೇಕು ಎಂಬುದನ್ನೂ ಹೋಗುವ ಮುಂಚೆಯೇ ಕೇಳಿ.

ಹಂತ 10: ವಾಪಸ್ ಬರುವಾಗ ಬರೆದುಬಿಡಿ

ಮನೆಗೆ ಬಂದಮೇಲೆ ಬರೆಯುತ್ತೇನೆ ಎಂದರೆ ಆಟೋ, ಚಹಾ, ನೀರಿನ ಬಾಟಲಿ ಎಲ್ಲ ಮರೆತುಹೋಗುತ್ತದೆ. ರೈಲು ಹೊರಟು ಟಿಸಿ ಬಂದು ಹೋದಮೇಲೆ, ದೀಪ ಆರಿಸುವ ಮುಂಚೆ, ಯುಪಿಐ ಪಟ್ಟಿ ತೆರೆದು ಚೀಟಿಯ ಅಂದಾಜಿನ ಪಕ್ಕ ನಿಜವಾದ ಖರ್ಚು ಬರೆಯಿರಿ. ಮೂರು ಟೂರ್ನಿ ಆಗುವಷ್ಟರಲ್ಲಿ ನಿಮ್ಮ ಅಂದಾಜು ಎಲ್ಲಿ ತಪ್ಪುತ್ತದೆಂದು ಗೊತ್ತಾಗುತ್ತದೆ. ನನ್ನದು ಯಾವಾಗಲೂ ಆಟೋದಲ್ಲಿ ತಪ್ಪುತ್ತದೆ.

ಆ ಚೆನ್ನೈ ಪ್ರವಾಸದ ಪುಟ ಇನ್ನೂ ನನ್ನ ಬಳಿ ಇದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗಿದೆ: ಬಿಟ್ಟ ರೈಲು 800, ಇನ್ನೊಂದು ರಾತ್ರಿ ರೂಮು 1,400, ರಾತ್ರಿ ಆಟೋ 280, ಬಸ್ಸು 950, ಗೆಳೆಯನಿಗೆ ಕೊಡಬೇಕಾದ್ದು 3,000. ಕೊನೆಯ ಸಾಲಿನ ಮೇಲೆ ಮಾತ್ರ ಗೀಟು ಎಳೆದಿದ್ದೇನೆ. ಬಹುಮಾನದ ಹಣ ಖಾತೆಗೆ ಬಂದ ದಿನ ಎಳೆದದ್ದು, ಐದು ವಾರದ ಮೇಲೆ.